ಸ್ಥಿರಾಸ್ತಿ ಹೂಡಿಕೆ: ಕರ್ನಾಟಕದಲ್ಲಿ ಹೊಸಬರ ಮೊದಲ ಖರೀದಿ

ನಿವೇಶನ, ಮನೆ, ಫ್ಲ್ಯಾಟು, ಅಂಗಡಿ ಮಳಿಗೆ, ಜಮೀನು ಮೊದಲಾದವನ್ನು ಬಾಡಿಗೆಯ ಆದಾಯಕ್ಕಾಗಿ ಅಥವಾ ಮುಂದೆ ಬೆಲೆ ಏರಿದಾಗ ಮಾರುವ ಉದ್ದೇಶದಿಂದ ಕೊಳ್ಳುವುದಕ್ಕೆ ಸ್ಥಿರಾಸ್ತಿ ಹೂಡಿಕೆ ಎಂದು ಹೆಸರು. ಕರ್ನಾಟಕದಲ್ಲಿ ವಾಸದ ಮನೆಗೂ ಹೂಡಿಕೆಗೂ ನಡುವಿನ ಗೆರೆ ತೆಳುವಾದದ್ದು. ಮಕ್ಕಳ ಓದಿಗೋ ಮದುವೆಗೋ ನಿವೃತ್ತಿಯ ದಿನಗಳಿಗೋ ಆಗಲಿ ಎಂದು ‘ಒಂದು ಸೈಟು ಮಾಡಿಟ್ಟುಕೊಳ್ಳುವುದು’ ಇಲ್ಲಿನ ಮಧ್ಯಮ ವರ್ಗದ ಹಳೆಯ ರೂಢಿ. ಹುಬ್ಬಳ್ಳಿ, ಬೆಳಗಾವಿಯ ಕಡೆ ಅದೇ ಸೈಟಿಗೆ ಪ್ಲಾಟು ಎನ್ನುತ್ತಾರೆ.

ಚಿನ್ನ ಕೊಳ್ಳುವವರು ಶುದ್ಧತೆಯನ್ನು ಒರೆಗೆ ಹಚ್ಚಿ ನೋಡಬಹುದು. ಷೇರು ಕೊಂಡವರ ಹೆಸರು ಡಿಮ್ಯಾಟ್ ಖಾತೆಯಲ್ಲಿ ಕಾಣುತ್ತದೆ. ಭೂಮಿಯ ವಿಷಯದಲ್ಲಿ ಅಷ್ಟು ಸುಲಭದ ಪರೀಕ್ಷೆ ಯಾವುದೂ ಇಲ್ಲ. ಮಾರುವವರಿಗೆ ಮಾರುವ ಹಕ್ಕು ಇದೆಯೇ ಎಂಬ ಪ್ರಶ್ನೆಗೆ ಉತ್ತರ ಹತ್ತಾರು ಕಾಗದಗಳಲ್ಲಿ, ನಾಲ್ಕಾರು ಕಚೇರಿಗಳಲ್ಲಿ ಹರಡಿಕೊಂಡಿರುತ್ತದೆ. ಆದ್ದರಿಂದ ಹೊಸಬರು ಮೊದಲು ಕಲಿಯಬೇಕಾದದ್ದು ಕಾಗದ ಓದುವುದನ್ನು. ಎಲ್ಲಿ ಬೆಲೆ ಏರುತ್ತದೆ, ಮೆಟ್ರೊ ಎಲ್ಲಿಗೆ ಬರುತ್ತದೆ ಎಂಬ ಮಾತೆಲ್ಲ ಅದರ ನಂತರದ್ದು. ಈ ಲೇಖನದಲ್ಲಿಯೂ ಅದಕ್ಕೇ ಹೆಚ್ಚು ಜಾಗ.

ಹಿನ್ನೆಲೆ

ಕರ್ನಾಟಕದಲ್ಲಿ ಯೋಜಿತ ಬಡಾವಣೆಗಳ ಕಥೆ ಪ್ಲೇಗಿನೊಂದಿಗೆ ತಳಕು ಹಾಕಿಕೊಂಡಿದೆ. 1898ರಲ್ಲಿ ಬೆಂಗಳೂರಿಗೆ ಆ ಪಿಡುಗು ಬಂದಾಗ ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರು ಹೊರಗೆ ಹೋಗಬೇಕಾಯಿತು. ಮಲ್ಲೇಶ್ವರ, ಬಸವನಗುಡಿಗಳು ಗಾಳಿ ಬೆಳಕಿನ, ಅಗಲ ರಸ್ತೆಗಳ ಬಡಾವಣೆಗಳಾಗಿ ಬೆಳೆದದ್ದು ಆ ಹಿನ್ನೆಲೆಯಲ್ಲಿ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಅಂಥದೇ ಮಂಡಲಿ 1945ರಲ್ಲಿ ಬಂತು; 1976ರ ಕಾಯ್ದೆಯಡಿ ಅದರ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಹುಟ್ಟಿತು. 30×40, 40×60 ಎಂಬ ಅಳತೆಗಳು ಮನೆಮಾತಾಗಿ, ಪ್ರಾಧಿಕಾರಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ನೌಕರ ವರ್ಗದ ಬದುಕಿನ ಭಾಗವೇ ಆಯಿತು. ಪ್ರಾಧಿಕಾರದ ಸೈಟಿಗಾಗಿ ಕಾದು ಸಾಕಾದವರು ಗೃಹನಿರ್ಮಾಣ ಸಹಕಾರ ಸಂಘಗಳ ಸದಸ್ಯರಾದರು, ಇಲ್ಲವೇ ಊರಂಚಿನಲ್ಲಿ ಖಾಸಗಿಯವರು ಮಾಡಿದ ಬಡಾವಣೆಗಳಲ್ಲಿ ಕೊಂಡರು. ಆ ಖಾಸಗಿ ಬಡಾವಣೆಗಳಲ್ಲಿ ಕಾನೂನಿನ ಪ್ರಕಾರ ಆದವೂ ಇದ್ದವು, ಹೊಲಕ್ಕೆ ಕಲ್ಲು ನೆಟ್ಟು ಗೆರೆ ಎಳೆದು ಮಾರಿದವೂ ಇದ್ದವು. ಇಂದಿನ ಅನೇಕ ತೊಡಕುಗಳ ಬೇರು ಈ ಎರಡನೆಯ ಬಗೆಯಲ್ಲಿದೆ.

ನೋಂದಣಿ ಮತ್ತು ಹಕ್ಕು

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ‘ರಿಜಿಸ್ಟ್ರೇಷನ್ ಆಗಿದೆ, ಇನ್ನೇನು ಭಯ?’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕು. ಆದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದಾಖಲಾಗುವುದು ಪತ್ರ ಮಾತ್ರ. ಇಂಥವರು ಇಂಥವರಿಗೆ ಇಂತಿಷ್ಟಕ್ಕೆ ಮಾರಿದ್ದಾಗಿ ಬರೆದುಕೊಟ್ಟರು ಎಂಬುದಕ್ಕೆ ಸರ್ಕಾರ ಸಾಕ್ಷಿಯಾಗುತ್ತದೆ. ಮಾರಿದವರು ನಿಜವಾಗಿ ಮಾಲೀಕರು ಎಂಬ ಖಾತರಿಯನ್ನು ಅದು ಕೊಡುವುದಿಲ್ಲ. ಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಇನ್ನೂ ಬೇರೂರಿಲ್ಲ. ತನ್ನದಲ್ಲದ್ದನ್ನು ಮಾರಿದವನ ಕ್ರಯಪತ್ರವೂ ಸೀಲು, ಸಹಿ, ಹೆಬ್ಬೆರಳ ಗುರುತುಗಳೊಂದಿಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆ ಇನ್ನೊಂದು ಅಂಶವನ್ನು ಸ್ಪಷ್ಟಪಡಿಸುತ್ತದೆ. ಕ್ರಯದ ಕರಾರು ಪತ್ರ, ಜನರ ಬಾಯಲ್ಲಿ ಅಗ್ರಿಮೆಂಟು, ಮಾಲೀಕತ್ವವನ್ನು ಕೊಡುವುದಿಲ್ಲ. ಮುಂದೆ ಕ್ರಯಪತ್ರ ಮಾಡಿಸಿಕೊಳ್ಳುವ ಹಕ್ಕನ್ನಷ್ಟೇ ಕೊಡುತ್ತದೆ. ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಸೈಟು ‘ಕೊಂಡ’ ಸಾವಿರಾರು ಕುಟುಂಬಗಳಿಗೆ 2011ರ ಸೂರಜ್ ಲ್ಯಾಂಪ್ ಪ್ರಕರಣದ ತೀರ್ಪು ದೊಡ್ಡ ಪಾಠವಾಯಿತು. ಜಿಪಿಎ, ಕರಾರು ಪತ್ರ, ಉಯಿಲು ಈ ಮೂರನ್ನೂ ಒಟ್ಟಿಗೆ ಬರೆಸಿಕೊಂಡರೂ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿತು. ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಇಂದಿಗೂ ಜಿಪಿಎ ಮೇಲೆ ದುಡ್ಡು ಕೊಡುವವರಿದ್ದಾರೆ. ಕಷ್ಟಪಟ್ಟು ಕೂಡಿಟ್ಟ ಹಣ ಹಾಗೆ ಹೋಗುವುದನ್ನು ನೋಡುವುದು ಸಂಕಟದ ವಿಷಯ.

ಕಾಗದಗಳು

ಕಾಗದ ಓದುವುದೆಂದರೆ ಆಸ್ತಿಯ ವಂಶಾವಳಿಯನ್ನು ಓದುವುದು. ಈಗ ಮಾರುವವರ ಕ್ರಯಪತ್ರದಿಂದ ಹಿಂದಕ್ಕೆ ಹೋಗಬೇಕು. ಇವರಿಗೆ ಯಾರಿಂದ ಬಂತು, ಅವರಿಗೆ ಹೇಗೆ ಬಂತು, ಕ್ರಯದಿಂದಲೋ ದಾನಪತ್ರದಿಂದಲೋ ವಿಭಾಗ ಪತ್ರದಿಂದಲೋ ಉಯಿಲಿನಿಂದಲೋ ಸರ್ಕಾರದ ಮಂಜೂರಾತಿಯಿಂದಲೋ? ಈ ಸರಪಣಿಯ ಮೊದಲ ಕೊಂಡಿಗೆ ಮೂಲಪತ್ರ ಎನ್ನುತ್ತಾರೆ. ವಕೀಲರು ಮೂವತ್ತು ವರ್ಷಗಳಷ್ಟಾದರೂ ಹಿಂದಕ್ಕೆ ಹೋಗಿ ನೋಡುತ್ತಾರೆ. ಖಾಸಗಿಯವರು ತಮ್ಮ ಆಸ್ತಿಯ ಸ್ವಾಧೀನಕ್ಕಾಗಿ ದಾವೆ ಹೂಡಲು ಕಾಲಮಿತಿ 12 ವರ್ಷವಾದರೆ ಸರ್ಕಾರಕ್ಕೆ ಅದು 30 ವರ್ಷ; ಈ ರೂಢಿಗೆ ಅದೂ ಒಂದು ಕಾರಣ. ಪ್ರತಿಯೊಂದು ಪತ್ರದ ಕೊನೆಯ ಷೆಡ್ಯೂಲಿನಲ್ಲಿ ಚೆಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಯಾರ ಆಸ್ತಿ, ಪಶ್ಚಿಮಕ್ಕೆ ಯಾವ ರಸ್ತೆ ಇತ್ಯಾದಿ. ಒಂದು ಪತ್ರದಲ್ಲಿ ಪೂರ್ವಕ್ಕಿದ್ದ ರಸ್ತೆ ಮುಂದಿನ ಪತ್ರದಲ್ಲಿ ಉತ್ತರಕ್ಕೆ ತಿರುಗಿದ್ದರೆ, ಅಥವಾ ವಿಸ್ತೀರ್ಣ ನಡುವೆ ಎಲ್ಲೋ ಹಿಗ್ಗಿದ್ದರೆ ಅಲ್ಲಿಯೇ ನಿಂತು ವಿಚಾರಿಸಬೇಕು.

ಋಣಭಾರ ಪ್ರಮಾಣಪತ್ರ, ಎಲ್ಲರೂ ಕರೆಯುವ ಹಾಗೆ ಇಸಿ, ಈ ಸರಪಣಿಯನ್ನು ತಾಳೆ ನೋಡುವ ಸಾಧನ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ ಅವುಗಳ ಪಟ್ಟಿ ಬರುತ್ತದೆ. ಏನೂ ಇಲ್ಲದಿದ್ದರೆ ನಮೂನೆ 16. ಕಂಪ್ಯೂಟರಿಗೇರಿದ ಕಾಲದ ಇಸಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿಯೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಹೋಗಿ ಕೈಬರಹದ ಪುಸ್ತಕಗಳಿಂದ ತೆಗೆಸಬೇಕು. ಇಸಿಗೆ ಮಿತಿಯೂ ಉಂಟು. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲುಪಾರಿಕತ್ತು, ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ದಾವೆ ಇವು ಅದರಲ್ಲಿ ಕಾಣದಿರಬಹುದು. ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು. ಆದ್ದರಿಂದ ಮಾರುವವರ ಹೆಸರಿನಲ್ಲಿ ನ್ಯಾಯಾಲಯಗಳ ಜಾಲತಾಣದಲ್ಲಿ ಹುಡುಕುವುದು ಒಳ್ಳೆಯದು. ಪತ್ರಗಳ ಮೂಲಪ್ರತಿಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆದಿದ್ದಾರೆಯೇ ಎಂದು ತಿಳಿಯಲು ಸೆರ್ಸಾಯಿ ಎಂಬ ಕೇಂದ್ರ ನೋಂದಣಿಯಲ್ಲಿ ಶುಲ್ಕ ಕೊಟ್ಟು ಹುಡುಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಜೆರಾಕ್ಸ್ ನೋಡಿ ತೃಪ್ತರಾಗಬಾರದು. ಮೂಲಪ್ರತಿಯನ್ನೇ ಕೈಯಲ್ಲಿ ಹಿಡಿದು ನೋಡಬೇಕು.

ಖಾತೆಯ ಬಗ್ಗೆ ಇರುವಷ್ಟು ಗೊಂದಲ ಬೇರಾವ ಕಾಗದದ ಬಗ್ಗೆಯೂ ಇಲ್ಲ. ಖಾತೆಯೆಂದರೆ ಸ್ಥಳೀಯ ಸಂಸ್ಥೆಯ ತೆರಿಗೆ ಪುಸ್ತಕದಲ್ಲಿರುವ ಲೆಕ್ಕ. ಉತ್ತರ ಕರ್ನಾಟಕದಲ್ಲಿ ಅದನ್ನೇ ಉತಾರ ಎನ್ನುವುದುಂಟು. ಕಂದಾಯ ಯಾರು ಕಟ್ಟಬೇಕು ಎಂಬುದನ್ನು ಅದು ಹೇಳುತ್ತದೆ, ಮಾಲೀಕತ್ವವನ್ನು ತಾನಾಗಿ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಕ್ರಮಬದ್ಧ ಆಸ್ತಿಗೆ ‘ಎ’ ಖಾತೆ. ಅನುಮೋದನೆ ಇಲ್ಲದ ಬಡಾವಣೆಯ ಅಥವಾ ನಿಯಮ ಮೀರಿದ ಆಸ್ತಿಗೆ ತೆರಿಗೆ ವಸೂಲಿಗಷ್ಟೇ ತೆರೆದ ಪುಟ ‘ಬಿ’ ಖಾತೆ. ಬಿ ಖಾತೆಯ ಸೈಟು ಅಗ್ಗ. ಅದಕ್ಕೆ ಬ್ಯಾಂಕ್ ಸಾಲ, ಕಟ್ಟಡದ ನಕ್ಷೆಗೆ ಮಂಜೂರಾತಿ ಕಷ್ಟ. ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಕ್ರಮಬದ್ಧ ಆಸ್ತಿಗೆ ಸಿಗುತ್ತವೆ. 11ಬಿ ಕೈಗೆ ಬಂದರೆ ಎಚ್ಚರ ವಹಿಸಬೇಕು. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದರಿಂದ ಕಡಿವಾಣ ಬೀಳುವ ನಿರೀಕ್ಷೆಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿರುವುದರಿಂದ ಕಚೇರಿಗಳ ಹೆಸರು ಬದಲಾಗಿದೆ. ಹಳೆಯ ರಸೀದಿಯಲ್ಲಿ ಬೇರೆ ಹೆಸರಿದ್ದರೆ ಗಾಬರಿಯಾಗಬೇಕಿಲ್ಲ.

ಸೈಟಾಗುವ ಮೊದಲು ಅದು ಯಾರದೋ ಹೊಲವಾಗಿತ್ತು. ಆದ್ದರಿಂದ ಜಮೀನಿನ ಹಕ್ಕಿನ ದಾಖಲೆಯಾದ ಪಹಣಿ ಓದಲು ಬರಬೇಕು. 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅವರಿಗೆ ಹೇಗೆ ಬಂತೆಂಬುದು, 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ವಿಸ್ತೀರ್ಣದಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟೆಂದು ನೋಡಬೇಕು. ‘ಬಿ’ ಖರಾಬು ಹಳ್ಳ, ದಾರಿಗಳಂಥ ಸಾರ್ವಜನಿಕ ಜಾಗ, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ ಎಂಬ ಲೆಕ್ಕ ನೆನಪಿನಲ್ಲಿದ್ದರೆ ಬಡಾವಣೆಯ ನಕ್ಷೆಯಲ್ಲಿ ಹೊಲಕ್ಕಿಂತ ಹೆಚ್ಚು ಸೈಟುಗಳು ಹುಟ್ಟಿವೆಯೇ ಎಂದು ಮನೆಯಲ್ಲೇ ಕುಳಿತು ಗುಣಿಸಬಹುದು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ನಿಂತ ಜಾಗದ ಸರ್ವೆ ನಂಬರು ಯಾವುದೆಂದು ತೋರಿಸುವ ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ಹೊಸಬರಿಗೆ ಬಹಳ ಉಪಯುಕ್ತ. ಮಾರುವವರು ತೋರಿಸಿದ ಜಾಗ ಒಂದು, ಕಾಗದದಲ್ಲಿರುವ ನಂಬರು ಇನ್ನೊಂದು ಆಗಿರುವುದು ಅಪರೂಪವೇನಲ್ಲ. ಕೆರೆಯಂಗಳ, ರಾಜಕಾಲುವೆಗಳು ಎಲ್ಲಿವೆ ಎಂಬುದು ಹಳೆಯ ಗ್ರಾಮ ನಕ್ಷೆಯಲ್ಲಿ ಕಾಣುತ್ತದೆ.

ಕೆಲವು ಜಮೀನುಗಳಿಗೆ ಅವುಗಳದೇ ಇತಿಹಾಸವಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಅಂಥ ಕ್ರಯ ಅಸಿಂಧು. ಹೀಗೆಂದು ಹೇಳುವುದು 1978ರ ಪಿಟಿಸಿಎಲ್ ಕಾಯ್ದೆ. ಭೂಮಿಯನ್ನು ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಬಡವರ ಕೈಯಿಂದ ಭೂಮಿ ಜಾರದಿರಲಿ ಎಂದು ಬಂದ ಕಾಯ್ದೆ ಇದು; ಅದನ್ನು ತಪ್ಪಿಸಿ ಮಾಡಿದ ಖರೀದಿಯಲ್ಲಿ ಕೊಂಡವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಮೂಲ ಮಂಜೂರುದಾರರಿಗೆ ಅನ್ಯಾಯವನ್ನೂ ಮಾಡಿರುತ್ತಾರೆ. 1974ರ ಭೂಸುಧಾರಣೆಯ ನಂತರ ಗೇಣಿದಾರರಿಗೆ ಭೂನ್ಯಾಯ ಮಂಡಳಿಯಿಂದ ಬಂದ ಜಮೀನು, ಇನಾಂತಿ ಜಮೀನು, ಕೊಡಗಿನ ಜಮ್ಮಾ ಬಾಣೆ, ಕರಾವಳಿಯ ಮೂಲಗೇಣಿ ಇವಕ್ಕೂ ಪ್ರತ್ಯೇಕ ನಿಯಮಗಳಿದ್ದು, ಅವನ್ನು ಬಲ್ಲ ಸ್ಥಳೀಯ ವಕೀಲರಿಲ್ಲದೆ ಮುಂದುವರಿಯಬಾರದು.

ಕೊನೆಯದಾಗಿ ಮನೆಯ ಜನ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ ಹೆಸರು ಹೆಸರಾಗಿ ನೋಡಬೇಕು. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೇ ಜಾರಿಗೆ ಬಂದಿತ್ತು. 2005ರಲ್ಲಿ ಅದು ದೇಶಕ್ಕೆಲ್ಲ ಅನ್ವಯವಾಯಿತು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಉಳಿದ ಸಂದೇಹಗಳನ್ನು ಬಗೆಹರಿಸಿತು. ‘ಹೆಣ್ಣುಮಕ್ಕಳದ್ದೇನಿಲ್ಲ ಬಿಡಿ, ಎಲ್ಲ ಮದುವೆಯಾಗಿ ಹೋಗಿದ್ದಾರೆ’ ಎನ್ನುವ ಅಣ್ಣತಮ್ಮಂದಿರ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅಕ್ಕತಂಗಿಯರು ಕ್ರಯಪತ್ರಕ್ಕೆ ಸಹಿ ಹಾಕಬೇಕು ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಅಪ್ರಾಪ್ತ ಮಕ್ಕಳ ಪಾಲನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕಾಗುವ ಸಂದರ್ಭಗಳಿವೆ.

ಕೃಷಿ ಜಮೀನು ಮತ್ತು ರೆವಿನ್ಯೂ ಸೈಟು

1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಬಹುಕಾಲ ಕೃಷಿಕರಲ್ಲದವರಿಗೆ ಕೃಷಿ ಜಮೀನಿನ ಬಾಗಿಲು ಮುಚ್ಚಿದ್ದವು. 2020ರಲ್ಲಿ ಅವನ್ನು ತೆಗೆದುಹಾಕಲಾಯಿತು. ಇದರಿಂದ ತೋಟ ಕೊಳ್ಳುವ ನಗರವಾಸಿಗಳು ಹೆಚ್ಚಿದ್ದಾರೆ. ಕೊಳ್ಳಬಹುದು ಎಂದಮಾತ್ರಕ್ಕೆ ಅದರಲ್ಲಿ ಸೈಟು ಮಾಡಬಹುದು ಎಂದಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆ ಆಗಬೇಕು, ಆಮೇಲೆ ಯೋಜನಾ ಪ್ರಾಧಿಕಾರದಿಂದ ಬಡಾವಣೆಯ ನಕ್ಷೆಗೆ ಅನುಮೋದನೆ ಸಿಗಬೇಕು. ಧಾರವಾಡದ ಕಡೆ ‘ಎನ್.ಎ. ಆಗಿದೆಯೇನ್ರೀ?’ ಎಂದು ಕೇಳುವುದು ಈ ಪರಿವರ್ತನೆಯ ಬಗ್ಗೆಯೇ. ಪರಿವರ್ತನೆಯೂ ಇಲ್ಲದೆ, ಅಥವಾ ಪರಿವರ್ತನೆಯಾಗಿದ್ದರೂ ನಕ್ಷೆಯ ಅನುಮೋದನೆ ಇಲ್ಲದೆ ಮಾರಿದ ತುಂಡುಗಳಿಗೆ ರೆವಿನ್ಯೂ ಸೈಟು ಎಂದು ಹೆಸರು. ಉದ್ಯಾನ, ಚರಂಡಿ, ಅಗಲ ರಸ್ತೆಗಳಿಗೆ ಬಿಡಬೇಕಾದ ಜಾಗವನ್ನೂ ಮಾರಿರುವುದರಿಂದ ಅವು ಅಗ್ಗವಾಗಿ ಸಿಗುತ್ತವೆ. ‘ಮುಂದೆ ಸಕ್ರಮ ಆಗುತ್ತೆ’ ಎಂಬುದು ಮಾರುವವರ ಖಾಯಂ ಮಾತು. ಸಕ್ರಮದ ಯೋಜನೆಗಳು ಆಗಾಗ ಬರುತ್ತವೆ, ಕೆಲವು ನ್ಯಾಯಾಲಯದಲ್ಲಿ ನಿಲ್ಲುತ್ತವೆ. ಮೊದಲ ಖರೀದಿಯನ್ನು ಅದರ ಭರವಸೆಯ ಮೇಲೆ ಮಾಡುವುದು ತಪ್ಪು ಎಂದು ನೇರವಾಗಿ ಹೇಳಬೇಕು.

ಫ್ಲ್ಯಾಟು ಮತ್ತು ರೇರಾ

ಕಟ್ಟುತ್ತಿರುವ ಕಟ್ಟಡದಲ್ಲಿ ಫ್ಲ್ಯಾಟು ಕಾಯ್ದಿರಿಸುವವರಿಗೆ 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ, ನಿಜವಾದ ಬಲ ಕೊಟ್ಟಿದೆ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. 500 ಚದರ ಮೀಟರಿಗಿಂತ ಹೆಚ್ಚು ಜಾಗದ, ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ನೋಂದಾಯಿಸದೆ ಜಾಹೀರಾತನ್ನೂ ಕೊಡುವಂತಿಲ್ಲ. ಬಡಾವಣೆಯ ಸೈಟುಗಳಿಗೂ ಇದು ಅನ್ವಯ. ಗ್ರಾಹಕರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹೇಳಿದ ಸಮಯಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಹಿತ ಹಣ ವಾಪಸು ಕೇಳಬಹುದು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಐದು ವರ್ಷದವರೆಗೆ ಬಿಲ್ಡರೇ ಸರಿಪಡಿಸಿಕೊಡಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನಕ್ಷೆ, ಮುಗಿಸುವ ದಿನಾಂಕ, ಬಂದಿರುವ ದೂರುಗಳು ಸಿಗುತ್ತವೆ. ಮಾರಾಟ ಕಚೇರಿಯ ಬಣ್ಣದ ಕರಪತ್ರಕ್ಕಿಂತ ಅದನ್ನು ಮೊದಲು ನೋಡಬೇಕು.

ಚದರಡಿಯ ಲೆಕ್ಕದಲ್ಲಿ ಗಮನವಿರಲಿ. ಸೂಪರ್ ಬಿಲ್ಟ್ ಅಪ್ ಎಂಬುದರಲ್ಲಿ ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲೂ ಸೇರಿರುತ್ತದೆ. ಗೋಡೆಗಳೊಳಗೆ ನಿಜವಾಗಿ ಬಳಸಲು ಸಿಗುವ ಕಾರ್ಪೆಟ್ ವಿಸ್ತೀರ್ಣವನ್ನು ರೇರಾ ಪ್ರಕಾರ ಹೇಳಲೇಬೇಕು. ಫ್ಲ್ಯಾಟಿನ ಜೊತೆ ಭೂಮಿಯಲ್ಲಿ ಬರುವ ಅವಿಭಾಜ್ಯ ಪಾಲು ಎಷ್ಟೆಂದೂ ಕೇಳಬೇಕು. ಕಟ್ಟಡ ಹಳೆಯದಾಗುತ್ತ ಸವೆಯುತ್ತದೆ, ಬೆಲೆ ಉಳಿಯುವುದು ಭೂಮಿಯಲ್ಲಿ. ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡದಲ್ಲಿ ಮನೆ ಕೊಂಡವರು ನೀರು, ವಿದ್ಯುತ್ ಸಂಪರ್ಕದಿಂದ ಹಿಡಿದು ಮರುಮಾರಾಟದವರೆಗೆ ಪಾಡು ಪಡುತ್ತಾರೆ.

ಹಣದ ಲೆಕ್ಕ

ಬೆಂಗಳೂರಿನಲ್ಲಿ 60 ಲಕ್ಷದ ಒಂದು ಫ್ಲ್ಯಾಟನ್ನು ಊಹಿಸಿಕೊಳ್ಳೋಣ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ ಮತ್ತು ಮೇಲ್ತೆರಿಗೆ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 4 ಲಕ್ಷ 56 ಸಾವಿರ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 90 ಮೀರುವಂತಿಲ್ಲ, 30ರಿಂದ 75 ಲಕ್ಷದ ಸಾಲ ಶೇ. 80, ಅದಕ್ಕೂ ಮೇಲಿನದು ಶೇ. 75. ನಮ್ಮ ಫ್ಲ್ಯಾಟಿಗೆ ಹೆಚ್ಚೆಂದರೆ 48 ಲಕ್ಷ ಸಾಲ ಸಿಗುತ್ತದೆ. ನೋಂದಣಿ ಖರ್ಚನ್ನು ಬ್ಯಾಂಕು ಈ ಬೆಲೆಯಲ್ಲಿ ಸೇರಿಸುವುದಿಲ್ಲ. ಹಾಗಾಗಿ ಕೈಯಿಂದ ಹಾಕಬೇಕಾದದ್ದು 12 ಲಕ್ಷವಲ್ಲ, 16 ಲಕ್ಷ 56 ಸಾವಿರ. ಕಟ್ಟಡ ಇನ್ನೂ ಮುಗಿಯದಿದ್ದರೆ ಶೇ. 5ರ ಜಿಎಸ್‌ಟಿ ಬೇರೆ. ಮುಗಿದು ಪ್ರಮಾಣಪತ್ರ ಪಡೆದ ಮನೆಗೆ ಆ ತೆರಿಗೆ ಇಲ್ಲ. ವಕೀಲರ ಶುಲ್ಕ, ಬ್ಯಾಂಕಿನ ಶುಲ್ಕ, ಒಳಗಿನ ಮರಗೆಲಸ ಇದರ ಮೇಲೆ.

48 ಲಕ್ಷಕ್ಕೆ ಶೇ. 8.5ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 41,650 ರೂಪಾಯಿ. ಇಪ್ಪತ್ತು ವರ್ಷದಲ್ಲಿ ಕಟ್ಟುವುದು ಹೆಚ್ಚು ಕಡಿಮೆ ಒಂದು ಕೋಟಿ, ಅದರಲ್ಲಿ 52 ಲಕ್ಷ ಬಡ್ಡಿಯೇ. ಅದೇ ಸಾಲವನ್ನು 15 ವರ್ಷಕ್ಕೆ ಮಾಡಿಕೊಂಡರೆ ಕಂತು 47,270ರ ಹತ್ತಿರ ಬರುತ್ತದೆ, ಬಡ್ಡಿ 37 ಲಕ್ಷಕ್ಕೆ ಇಳಿಯುತ್ತದೆ. ತಿಂಗಳಿಗೆ ಐದೂವರೆ ಸಾವಿರ ಹೆಚ್ಚು ಕಟ್ಟಿ 15 ಲಕ್ಷ ಉಳಿಸಿದ ಹಾಗೆ. ಈಗ ಬಾಡಿಗೆ ನೋಡೋಣ. ನಮ್ಮ ನಗರಗಳಲ್ಲಿ ವಾಸದ ಮನೆಯ ವರ್ಷದ ಬಾಡಿಗೆ ಸಾಮಾನ್ಯವಾಗಿ ಬೆಲೆಯ ಶೇ. 2ರಿಂದ 4ರ ನಡುವೆ ಇರುತ್ತದೆ. ಶೇ. 3 ಎಂದರೆ ತಿಂಗಳಿಗೆ 15 ಸಾವಿರ. ಕಂತಿಗೂ ಬಾಡಿಗೆಗೂ ನಡುವೆ 26 ಸಾವಿರದ ಅಂತರ ಇದೆ. ಆ ಹಣ ಪ್ರತಿ ತಿಂಗಳೂ ಸಂಬಳದಿಂದ ಹೋಗಬೇಕು, ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ 41 ಸಾವಿರ. ‘ಬಾಡಿಗೆಯಿಂದಲೇ ಕಂತು ತೀರುತ್ತದೆ’ ಎಂಬ ಮಾತು ಸಾಲದಲ್ಲಿ ಕೊಂಡ ಫ್ಲ್ಯಾಟಿಗೆ ಹೊಂದುವುದಿಲ್ಲ. ಇಲ್ಲಿ ಲಾಭ ಬರಬೇಕಾದದ್ದು ಬೆಲೆ ಏರಿಕೆಯಿಂದ, ಅದು ಯಾರ ಕೈಯಲ್ಲೂ ಇಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರುವುದರಿಂದ ಕಂತೂ ಏರಿಳಿಯುತ್ತದೆ. ಆರು ತಿಂಗಳ ಕಂತಿನಷ್ಟು ಹಣವನ್ನು ಬೇರೆ ಇಡದೆ ಸಾಲಕ್ಕೆ ಸಹಿ ಹಾಕಬಾರದು.

ಸರ್ಕಾರ ನಿಗದಿಪಡಿಸುವ ಮಾರ್ಗಸೂಚಿ ದರ ಮುದ್ರಾಂಕ ಶುಲ್ಕದ ತಳಹದಿ. ವ್ಯವಹಾರದ ಬೆಲೆ ಅದಕ್ಕಿಂತ ಕಡಿಮೆಯಿದ್ದರೂ ಶುಲ್ಕ ಆ ದರಕ್ಕೇ. ರಾಜ್ಯದಲ್ಲಿ ಅದು 2023ರ ಅಕ್ಟೋಬರ್‌ನಲ್ಲಿ ವ್ಯಾಪಕವಾಗಿ ಪರಿಷ್ಕರಣೆಯಾಯಿತು. ಮಾರುಕಟ್ಟೆ ಬೆಲೆ ಇದಕ್ಕಿಂತ ಬಹಳ ಹೆಚ್ಚಿರುವ ಕಡೆ ಅಂತರವನ್ನು ನಗದಿನಲ್ಲಿ ಕೇಳುವುದುಂಟು, ಅಂದರೆ ‘ಬ್ಲ್ಯಾಕ್, ವೈಟ್’ ವ್ಯವಹಾರ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಕೊಂಡವರಿಗೂ ಅದರಲ್ಲಿ ನಷ್ಟವೇ. ಮುಂದೆ ಮಾರುವಾಗ ಪತ್ರದಲ್ಲಿರುವ ಕಡಿಮೆ ಬೆಲೆಯೇ ಅವರ ಖರೀದಿ ಬೆಲೆಯಾಗಿ, ಇಲ್ಲದ ಲಾಭಕ್ಕೂ ತೆರಿಗೆ ಬೀಳುತ್ತದೆ.

ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ. 1 ತೆರಿಗೆ ಮುರಿದುಕೊಂಡು ಮಾರುವವರ ಪ್ಯಾನ್ ಲೆಕ್ಕಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಈ ಮುರಿತ ಬಹಳ ಹೆಚ್ಚು. ಮರೆತರೆ ಹೊರೆ ಕೊಂಡವರ ಮೇಲೆ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ದೀರ್ಘಾವಧಿ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5 ತೆರಿಗೆ. ಅದಕ್ಕೂ ಮೊದಲು ಕೊಂಡಿದ್ದ ನಿವಾಸಿಗಳು ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ. 20ರ ಹಳೆಯ ಲೆಕ್ಕವನ್ನೂ ಆರಿಸಿಕೊಳ್ಳಬಹುದು. ಬಾಡಿಗೆ ಆದಾಯದಲ್ಲಿ ಕಂದಾಯ ಕಳೆದು ಉಳಿದದ್ದರ ಶೇ. 30ನ್ನು ದುರಸ್ತಿ ಇತ್ಯಾದಿಗೆಂದು ಲೆಕ್ಕ ಕೇಳದೆ ಬಿಡುತ್ತಾರೆ.

ಬಾಡಿಗೆ ಮತ್ತು ಭೋಗ್ಯ

ಬಾಡಿಗೆ ಕರಾರು 11 ತಿಂಗಳಿಗೆ ಇರುವುದಕ್ಕೆ ಕಾರಣ ನೋಂದಣಿ ಕಾಯ್ದೆ. ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. ಕರ್ನಾಟಕದ ನಗರಗಳಲ್ಲಿ ಭೋಗ್ಯ, ಜನರು ‘ಲೀಸು’ ಎನ್ನುವುದು, ಇನ್ನೂ ಜೀವಂತವಾಗಿದೆ. ಬಾಡಿಗೆದಾರರು ಒಂದು ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುತ್ತಾರೆ, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುತ್ತಾರೆ. ಹೊಸ ಮಾಲೀಕರಿಗೆ ಇದು ಬಡ್ಡಿಯಿಲ್ಲದ ಹಣದಂತೆ ಕಾಣುತ್ತದೆ, ಆದರೆ ಅದು ಸಾಲವೇ. ಆ ಹಣದಿಂದ ಇನ್ನೊಂದು ಸೈಟು ಕೊಂಡು, ಬಾಡಿಗೆದಾರರು ಹೊರಟಾಗ ಕೊಡಲಿಕ್ಕಿಲ್ಲದೆ ಕೈಕಟ್ಟಿ ಕೂತ ಮಾಲೀಕರಿದ್ದಾರೆ. ಬಾಡಿಗೆದಾರರ ಕಷ್ಟ ಅದಕ್ಕಿಂತ ದೊಡ್ಡದು: ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಹರಾಜಿಗೆ ಬಂದರೆ ಭೋಗ್ಯದ ಹಣ ಮುಳುಗುವ ಅಪಾಯವಿದೆ. ಮನೆ ಕೊಳ್ಳುವವರು ಅಲ್ಲಿರುವವರು ಬಾಡಿಗೆಗಿದ್ದಾರೋ ಭೋಗ್ಯಕ್ಕಿದ್ದಾರೋ ಎಂದು ಅವರನ್ನೇ ಕೇಳಿ ತಿಳಿಯಬೇಕು.

ರೀಟ್

ಲಕ್ಷಗಟ್ಟಲೆ ಹಣವಿಲ್ಲದವರಿಗೆ, ಅಥವಾ ಕಾಗದಗಳ ಗೋಜು ಬೇಡವೆನ್ನುವವರಿಗೆ ರೀಟ್ ಎಂಬ ದಾರಿ ಇದೆ. ಕಚೇರಿ ಕಟ್ಟಡ, ಮಾಲ್‌ಗಳ ಒಡೆತನದ ಟ್ರಸ್ಟಿನ ಯೂನಿಟ್‌ಗಳನ್ನು ಷೇರಿನ ಹಾಗೆ ಕೊಳ್ಳುವುದು ಇದರ ಕ್ರಮ. ಸೆಬಿ ನಿಯಮಗಳು 2014ರಲ್ಲಿ ಬಂದವು. ದೇಶದ ಮೊದಲ ರೀಟ್ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂದ ಎಂಬಸಿ ಆಫೀಸ್ ಪಾರ್ಕ್ಸ್. ಬೆಂಗಳೂರಿನ ನಾಗವಾರದ ಮಾನ್ಯತಾ ಪಾರ್ಕ್ ಅದರದ್ದೇ. 2021ರಲ್ಲಿ ನಿಯಮ ಬದಲಾಗಿ ಒಂದೇ ಯೂನಿಟ್ ಕೂಡ ಕೊಳ್ಳಬಹುದಾಯಿತು. ಆಸ್ತಿಯ ಶೇ. 80 ಕಟ್ಟಿ ಮುಗಿದು ಆದಾಯ ತರುತ್ತಿರುವ ಕಟ್ಟಡಗಳಲ್ಲಿರಬೇಕು, ಹಂಚಬಹುದಾದ ಹಣದ ಶೇ. 90ನ್ನು ಹೂಡಿಕೆದಾರರಿಗೆ ಕೊಡಬೇಕು. ಯೂನಿಟ್ ಬೆಲೆ ದಿನವೂ ಏರಿಳಿಯುತ್ತದೆ; ಕಂಪನಿಗಳು ಕಚೇರಿ ಖಾಲಿ ಮಾಡಿದರೆ ಹಂಚಿಕೆ ಕುಗ್ಗುತ್ತದೆ. ಸೈಟಿನ ಮೇಲಿನ ಅಕ್ಕರೆ ಇದರಲ್ಲಿ ಸಿಗದು. ಆದರೂ ಬಾಡಿಗೆಯ ವ್ಯವಹಾರ ಹೇಗೆ ನಡೆಯುತ್ತದೆಂದು ಸಣ್ಣ ಮೊತ್ತದಲ್ಲಿ ಕಲಿಯಲು ಅದರ ಮೂರು ತಿಂಗಳಿಗೊಮ್ಮೆಯ ವರದಿ ಒಳ್ಳೆಯ ಪಠ್ಯ.

ಅನಿವಾಸಿ ಕನ್ನಡಿಗರು

ದುಬೈ, ಸಿಂಗಪುರ, ಅಮೆರಿಕದಲ್ಲಿರುವ ಭಾರತೀಯ ಪೌರರು ಮನೆ, ಸೈಟು, ವಾಣಿಜ್ಯ ಮಳಿಗೆ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯ ನಿಯಮಗಳು ಬಿಡುವುದಿಲ್ಲ. 2020ರ ರಾಜ್ಯದ ತಿದ್ದುಪಡಿಯಿಂದ ಇದು ಬದಲಾಗಿಲ್ಲ. ತಂದೆತಾಯಿಯಿಂದ ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಊರಲ್ಲಿರುವ ಬಂಧುವಿಗೆ ಅಧಿಕಾರ ಪತ್ರ ಕೊಡುವುದಾದರೆ ಒಂದು ನಿರ್ದಿಷ್ಟ ಆಸ್ತಿಗೆ, ಒಂದು ನಿರ್ದಿಷ್ಟ ಕೆಲಸಕ್ಕೆ ಸೀಮಿತವಾದ ಪತ್ರ ಸಾಕು.

ಕಲಿಯುವ ಕ್ರಮ

ಕಲಿಕೆ ಮನೆಯ ಬೀರುವಿನಿಂದಲೇ ಆರಂಭವಾಗಬಹುದು. ಅಪ್ಪ ಅಮ್ಮನ ಮನೆಯ ಕ್ರಯಪತ್ರ ತೆಗೆದು ಪೂರ್ತಿ ಓದಿ, ಅದೇ ಮನೆಗೆ ಇಸಿ ತೆಗೆಸಿ, ಪತ್ರದ ನಂಬರುಗಳನ್ನು ತಾಳೆ ನೋಡಿದರೆ ಒಂದು ಭಾನುವಾರದಲ್ಲಿ ಅರ್ಧ ಪಾಠ ಆಗುತ್ತದೆ. ಆ ಪತ್ರದಲ್ಲೇ ತಪ್ಪು ಕಂಡರೆ ಅದನ್ನು ತಿದ್ದುಪಡಿ ಪತ್ರದ ಮೂಲಕ ಸರಿಪಡಿಸಲು ಇದೇ ಸಮಯ. ಆಮೇಲೆ ಒಂದೇ ಪ್ರದೇಶವನ್ನು ಆರಿಸಿಕೊಂಡು ಆರು ತಿಂಗಳು ಬಿಡದೆ ಗಮನಿಸಬೇಕು: ಕೇಳುವ ಬೆಲೆ, ನಿಜವಾಗಿ ಮುಗಿದ ಬೆಲೆ, ಬಾಡಿಗೆ, ಮಾರ್ಗಸೂಚಿ ದರ, ಪತ್ರಿಕೆಗಳಲ್ಲಿ ಬರುವ ಬ್ಯಾಂಕ್ ಹರಾಜಿನ ಕನಿಷ್ಠ ಬೆಲೆ. ಹರಾಜಿನ ಆಸ್ತಿ ‘ಇದ್ದಲ್ಲಿ ಇದ್ದಂತೆ’ ಮಾರಾಟವಾಗುವುದರಿಂದ ಮೊದಲ ಖರೀದಿಗೆ ಅದು ಬೇಡ, ಬೆಲೆ ತಿಳಿಯಲು ಮಾತ್ರ ಸಾಕು. ದಲ್ಲಾಳಿಗಳೊಡನೆ ಮಾತಾಡುವುದರಲ್ಲಿ ತಪ್ಪಿಲ್ಲ, ಸ್ಥಳದ ವಿವರ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಕಾಗದ ನೋಡುವ ವಕೀಲರು ಅವರು ಕರೆತಂದವರಾಗಿರಬಾರದು. ಬ್ಯಾಂಕು ಸಾಲ ಮಂಜೂರು ಮಾಡಿದೆ ಎಂಬುದನ್ನೇ ಹಕ್ಕಿನ ಖಾತರಿ ಎಂದು ತಿಳಿಯಬೇಡಿ. ಬ್ಯಾಂಕು ತನ್ನ ಹಣದ ಸುರಕ್ಷತೆಗೆ ನೋಡಿಕೊಂಡಿರುತ್ತದೆ ಅಷ್ಟೆ.

ಸ್ಥಳಕ್ಕೆ ಒಂದು ಸಲ ಬೇಸಿಗೆಯಲ್ಲಿ ಹೋಗಿ ನೀರು ಎಲ್ಲಿಂದ ಬರುತ್ತದೆಂದು ಕೇಳಬೇಕು, ಇನ್ನೊಂದು ಸಲ ಜೋರು ಮಳೆಯ ಮರುದಿನ ಹೋಗಿ ನೀರು ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಅಕ್ಕಪಕ್ಕದವರು, ಬೀದಿಯ ಮೂಲೆಯ ಅಂಗಡಿಯವರು ಹೇಳುವ ಸಂಗತಿ ಯಾವ ಕಾಗದದಲ್ಲೂ ಇರುವುದಿಲ್ಲ. ಎಲ್ಲ ಸರಿಯೆನಿಸಿದರೆ ಮುಂಗಡ ಕೊಡುವ ಮೊದಲು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು, ಆಕ್ಷೇಪಣೆ ಇದ್ದವರು ಬರಲಿ ಎಂದು ಕೆಲ ದಿನ ಕಾಯುವ ಹಳೆಯ ಪದ್ಧತಿಯನ್ನು ಇಂದಿಗೂ ಬಿಡಬೇಕಿಲ್ಲ.

ನೋಂದಣಿಯಾದ ದಿನ ಕೆಲಸ ಮುಗಿಯುವುದಿಲ್ಲ. ಖಾತೆ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು, ಆ ವರ್ಷದ ಕಂದಾಯ ತಮ್ಮ ಹೆಸರಿನಲ್ಲಿ ಕಟ್ಟಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕ ವರ್ಗಾಯಿಸಿಕೊಳ್ಳಬೇಕು. ಖಾಲಿ ಸೈಟಾದರೆ ಸರ್ವೆಯವರಿಂದ ಅಳೆಸಿ ನಾಲ್ಕು ಮೂಲೆಗೆ ಕಲ್ಲು ಹಾಕಿಸಿ, ಬೇಲಿಯೋ ಗೋಡೆಯೋ ಕಟ್ಟಿ, ಹೆಸರಿನ ಫಲಕ ನಿಲ್ಲಿಸಬೇಕು. ಒಂದೆರಡು ತಿಂಗಳ ನಂತರ ಹೊಸದಾಗಿ ಇಸಿ ತೆಗೆದರೆ ಪಟ್ಟಿಯ ಕೊನೆಯ ಸಾಲಿನಲ್ಲಿ ಕೊಂಡವರ ಹೆಸರು, ಸರಿಯಾದ ಸೈಟು ನಂಬರು ಮತ್ತು ಚೆಕ್ಕುಬಂದಿ ಕಾಣಬೇಕು. ಒಂದು ಅಕ್ಷರ ತಪ್ಪಿದ್ದರೂ ಮಾರಿದವರು ಇನ್ನೂ ಸಿಗುವ ದಿನಗಳಲ್ಲೇ ಅವರನ್ನು ಕರೆಸಿ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಬೇಕು.